ಅರಳು ಮರಳಿನ ಒಳಗುಟ್ಟು

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ ಮಾತನ್ನೇ ಮತ್ತೆ ಹೇಳಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೆ, ನಾವು ನಕ್ಕು ಈ ಗಾದೆಯನ್ನಾಡಿ ಸುಮ್ಮನಾಗುತ್ತೇವೆ. ಬೇಂದ್ರೆಯವರು ಇದೇ ಮಾತನ್ನು ತಮ್ಮ ಕವನಗಳ ಸಂಪುಟಕ್ಕೆ ಹೆಸರಾಗಿ ಇಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಅವರ ಕೈಯಲ್ಲಿ ಅದು ಮರಳಿ ಅರಳುವ ಮಾತಾಯಿತು. ನಮ್ಮ ಮನೆಯಲ್ಲಿ ಮಾತ್ರ ಅದು ಪರದೆಯಾಯಿತು. ಆ ಪರದೆಯ ಹಿಂದೆ ರೋಗವೊಂದು ನಾಲ್ಕು ವರ್ಷ ನಮ್ಮ ಕಣ್ಣಿಗೆ ಬೀಳದೆ ಬೆಳೆಯಿತು. ಪರದೆಯ ಈಚೆಗೆ ನಿಂತು ನಾನು ನಿರಪರಾಧಿಯೊಬ್ಬರನ್ನು ನೋಯಿಸಿದೆ. ಕನ್ನಡ ಪಾಠ ಹೇಳುವ ನಾನು ಮಿದುಳಿನ ಶಾಸ್ತ್ರದ ವಿಚಾರವಾಗಿ ಬರೆಯಲು ಹೊರಟಿರುವುದಕ್ಕೆ ಅದೇ ಕಾರಣ.

ನನ್ನ ತಾಯಿ ಊರಿನಲ್ಲಿ ಅಣ್ಣ ಅತ್ತಿಗೆಯರೊಡನೆ ಇದ್ದಾಳೆ. ನಾನು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ಸಲ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಸುತ್ತ ನೋಡಿ, ದನಿ ತಗ್ಗಿಸಿ, "ಬೆಳಗಿನಿಂದ ಒಂದು ತುತ್ತು ಹಾಕಿಲ್ಲ ಕಣೋ. ಯಾರ ಹತ್ರ ಹೇಳ್ಕೊಳ್ಳಲಿ?" ಎಂದಳು. ಕಣ್ಣಿನಲ್ಲಿ ನೀರಿತ್ತು. ಅದಕ್ಕೆ ಮೊದಲು ತನ್ನ ಎರಡೆಳೆ ಸರವನ್ನು ಸೊಸೆ ಎತ್ತಿಟ್ಟುಕೊಂಡಿದ್ದಾಳೆಂದು ನೆರೆಮನೆಯವರ ಬಳಿ ಹೇಳಿದ್ದಳಂತೆ. ತಾಯಿಯ ಮಾತನ್ನು ನಂಬದ ಮಗನುಂಟೆ? ನಾನು ಒಳಗೆ ಹೋಗಿ ಅತ್ತಿಗೆಯನ್ನು ಕೇಳಬಾರದ ರೀತಿಯಲ್ಲಿ ಕೇಳಿದೆ. ಅವರು ಎದುರು ಮಾತನಾಡಲಿಲ್ಲ. ಒಲೆಯ ಮುಂದೆಯೇ ನಿಂತು, "ನೀವು ಓದಿದವರು. ಎಂಟು ದಿನ ಇಲ್ಲೇ ಇದ್ದು ನೋಡಿ. ಆಮೇಲೆ ಏನು ಬೇಕಾದ್ರೂ ಅನ್ನಿ" ಎಂದಷ್ಟೇ ಹೇಳಿದರು. ನಾನು ಅಂದೇ ಬಸ್ಸು ಹತ್ತಿ ಹಿಂತಿರುಗಿದೆ. ಐದು ತಿಂಗಳು ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ಬೇಸಗೆಯ ರಜೆಯಲ್ಲಿ ಹೋಗಿ ಉಳಿದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಅಮ್ಮ ನನ್ನ ಪಕ್ಕದಲ್ಲಿಯೇ ಕುಳಿತು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಅನ್ನ ಉಂಡಳು. ಸಾರು ಚೆನ್ನಾಗಿದೆಯೆಂದು ಇನ್ನೊಂದು ಸೌಟು ಹಾಕಿಸಿಕೊಂಡಳು. ಕೈತೊಳೆದು ಜಗಲಿಗೆ ಬಂದು ಕಾಲು ಗಂಟೆಯಾಗಿರಲಿಲ್ಲ, "ನೋಡಿದೆಯಾ, ಇವತ್ತೂ ಊಟಕ್ಕೆ ಕರೀಲಿಲ್ಲ" ಎಂದಳು. ಅದೇ ತಗ್ಗಿದ ದನಿ, ಕಣ್ಣಿನಲ್ಲಿ ಅದೇ ನೀರು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆಕೆಯ ಮಟ್ಟಿಗೆ ಆ ಊಟ ನಡೆದೇ ಇರಲಿಲ್ಲ. ಅದೇ ವಾರ ಹುಣಸೆಹಣ್ಣಿನ ಜಾಡಿಯ ತಳದಲ್ಲಿ ಎರಡೆಳೆ ಸರವೂ ಸಿಕ್ಕಿತು.

ಬೆಂಗಳೂರಿನ ವೈದ್ಯರು ರಕ್ತವನ್ನು ಪರೀಕ್ಷಿಸಿ, ಮಿದುಳಿನ ಚಿತ್ರ ತೆಗೆಸಿ, ಅಮ್ಮನನ್ನು ಬಹಳ ಹೊತ್ತು ಮಾತನಾಡಿಸಿ, ಇದು ಆಲ್ಜೈಮರ್ ಕಾಯಿಲೆ ಎಂದರು. ಅಂದಿನಿಂದ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಈ ಕಾಯಿಲೆಯ ಚರಿತ್ರೆ ಆರಂಭವಾಗುವುದೂ ಒಂದು ಸಂಶಯದಿಂದಲೇ ಎಂಬುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. 1901ರ ನವೆಂಬರ್ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಸೇರಿಸಿದರು. ಆಕೆಯ ವಯಸ್ಸು ಕೇವಲ 51. ಆಕೆಯಲ್ಲಿ ಮೊದಲು ಕಂಡ ಲಕ್ಷಣ ಗಂಡನ ನಡತೆಯ ಮೇಲಿನ ಅಪನಂಬಿಕೆ. ಮರೆವು ಎದ್ದು ಕಂಡದ್ದು ಆ ಬಳಿಕ. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯ ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ಬರೆದಿಟ್ಟುಕೊಂಡ. ಮಧ್ಯಾಹ್ನದ ಊಟದಲ್ಲಿ ಆಕೆ ಹೂಕೋಸು ಮತ್ತು ಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರೆಂದು ಕೇಳಿದರೆ ಪಾಲಕ್ ಸೊಪ್ಪು ಎಂದಳು. ಹೆಸರು ಬರೆಯಿರೆಂದರೆ "ಶ್ರೀಮತಿ" ಎಂಬಷ್ಟನ್ನು ಬರೆದು ಮುಂದಿನದನ್ನು ಮರೆತಳು. ತಾನು ತನ್ನನ್ನೇ ಕಳೆದುಕೊಂಡಿದ್ದೇನೆಂದು ಆಕೆ ಹೇಳಿದ್ದೂ ಆ ಕಡತದಲ್ಲಿದೆ. ಬಹುಕಾಲ ಕಣ್ಮರೆಯಾಗಿದ್ದ ಆ ಕಡತ ಮತ್ತೆ ದೊರೆತದ್ದು 1995ರಲ್ಲಿ.

1906ರ ಏಪ್ರಿಲ್‌ನಲ್ಲಿ ಔಗುಸ್ಟೆ ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್ ಸೇರಿದ್ದ ಆಲ್ಜೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಎರಡು ವಿಚಿತ್ರಗಳು ಕಂಡವು. ನರಕೋಶಗಳ ಒಳಗೆ ಸಿಕ್ಕುಸಿಕ್ಕಾದ ದಾರದ ಗಂಟುಗಳು. ಕೋಶಗಳ ಹೊರಗೆ, ನಡುವಿನ ಜಾಗದಲ್ಲಿ, ಗಸಿಯಂತೆ ಕೂಡಿಕೊಂಡ ಮಚ್ಚೆಗಳು. ಆ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವಿದ್ವತ್ಸಭೆಯಲ್ಲಿ ಆತ ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ಕಾಯಿಲೆಗೆ ಆಲ್ಜೈಮರನ ಹೆಸರನ್ನಿಟ್ಟ.

ಹೆಸರಿಟ್ಟರೂ ಇದು ನಡುವಯಸ್ಸಿನವರಿಗೆ ಅಪರೂಪವಾಗಿ ಬರುವ ಕಾಯಿಲೆಯೆಂದೇ ಬಹುಕಾಲ ಎಣಿಸಿದ್ದರು. ಮುದುಕರ ಮರೆವು ಬೇರೆ, ಅದು ವಯೋಧರ್ಮ ಎಂಬುದು ಅಲ್ಲಿನವರ ಅಭಿಪ್ರಾಯವೂ ಆಗಿತ್ತು. ನಮ್ಮ ಗಾದೆಗೆ ಯೂರೋಪಿನ ಪಾಠಾಂತರ ಇದು ಎನ್ನಬಹುದು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸ್ಡ್, ಟಾಮ್ಲಿನ್‌ಸನ್, ರಾತ್ ಎಂಬ ಮೂವರು ತೀರಿಕೊಂಡ ವೃದ್ಧರ ಮಿದುಳುಗಳನ್ನು ಪರೀಕ್ಷಿಸಿ, ಮಚ್ಚೆಗಳು ಹೆಚ್ಚಿದಷ್ಟೂ ಬದುಕಿದ್ದಾಗಿನ ಬುದ್ಧಿಮಾಂದ್ಯವೂ ಹೆಚ್ಚಾಗಿತ್ತೆಂದು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ಇವೆರಡೂ ಒಂದೇ ಕಾಯಿಲೆ, ಇದೊಂದು ದೊಡ್ಡ ಮೃತ್ಯುಕಾರಣ ಎಂದು ಸಾರಿದರು. ಅಂದರೆ ಅರಳು ಮರಳು ವಯಸ್ಸಿನ ಸಹಜ ಗುಣವಲ್ಲ. ಅದು ಕೆಲವರಿಗೆ ಬರುವ, ಎಲ್ಲರಿಗೂ ಬರಬೇಕಾಗಿಲ್ಲದ ರೋಗ.

ಹಾಗಾದರೆ ಆ ಮಚ್ಚೆ ಯಾವುದರಿಂದಾದುದು? ಅದರ ಹೆಸರು ಅಮೈಲಾಯ್ಡ್, ಎಂದರೆ ಪಿಷ್ಟದಂಥದು. 1854ರಲ್ಲಿ ವಿರ್ಖೋ ಎಂಬ ಪಂಡಿತ ದೇಹದಲ್ಲಿ ಕಾಣುವ ಇಂಥ ಗಸಿಯ ಮೇಲೆ ಅಯೋಡಿನ್ ಹಾಕಿದಾಗ ಪಿಷ್ಟದಂತೆ ಬಣ್ಣ ತಿರುಗಿತೆಂದು ಈ ಹೆಸರಿಟ್ಟ. ಐದು ವರ್ಷಗಳಲ್ಲಿಯೇ ಅದು ಪಿಷ್ಟವಲ್ಲ, ಪ್ರೋಟೀನಿನ ಜಾತಿಯದೆಂದು ಗೊತ್ತಾಯಿತು. ತಪ್ಪು ಹೆಸರು ಮಾತ್ರ ಹಾಗೆಯೇ ನಿಂತಿತು. ಮಿದುಳಿನ ಅಮೈಲಾಯ್ಡಿನ ನಿಜರೂಪ ತಿಳಿಯಲು 1984ರ ವರೆಗೆ ಕಾಯಬೇಕಾಯಿತು. ಆ ವರ್ಷ ಗ್ಲೆನರ್ ಮತ್ತು ವಾಂಗ್ ಎಂಬ ಇಬ್ಬರು ರೋಗಿಗಳ ಮಿದುಳಿನ ಹೊದಿಕೆಯ ರಕ್ತನಾಳಗಳಿಂದ ಅದನ್ನು ಬೇರ್ಪಡಿಸಿದರು. ಮರುವರ್ಷ ಮಾಸ್ಟರ್ಸ್, ಬೈರಾಯ್ತರ್ ಮತ್ತು ಸಂಗಡಿಗರು ಮಚ್ಚೆಯ ತಿರುಳಿನಲ್ಲಿಯೂ ಅದೇ ಇರುವುದನ್ನು ತೋರಿಸಿದರು. ಅದು ಇಡಿಯ ಪ್ರೋಟೀನಲ್ಲ. ದೊಡ್ಡ ಪ್ರೋಟೀನೊಂದರಿಂದ ತುಂಡಾಗಿ ಬಿದ್ದ ಚೂರು. ಬೀಟಾ ಅಮೈಲಾಯ್ಡ್ ಎಂದು ಅದನ್ನು ಕರೆಯುತ್ತಾರೆ.

ಇಲ್ಲಿ ನನ್ನ ವಿದ್ಯಾರ್ಥಿಗಳಿಗೆ ಪಾಠ ಹೇಳುವ ರೀತಿಯಲ್ಲಿಯೇ ಹೇಳುತ್ತೇನೆ. ಪ್ರೋಟೀನೆಂಬುದು ಅಕ್ಷರಗಳನ್ನು ಸಾಲಾಗಿ ಪೋಣಿಸಿದ ಒಂದು ದೀರ್ಘ ಸಮಾಸದಂತೆ. ಅಲ್ಲಿ ಅಕ್ಷರಗಳಾಗಿ ನಿಲ್ಲುವುವು ಅಮೈನೋ ಆಮ್ಲಗಳು; ಅವು ಒಟ್ಟು 20 ಬಗೆ. ನರಕೋಶದ ಹೊರಪದರದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿರುವ ಒಂದು ಪ್ರೋಟೀನು ಉಂಟು. ನರಕೋಶದಲ್ಲಿ ಅದು 695 ಅಕ್ಷರಗಳ ಸಮಾಸ. ಹಳಗನ್ನಡ ಪದ್ಯವನ್ನು ಅರ್ಥೈಸುವಾಗ ಪದಚ್ಛೇದ ಮಾಡುತ್ತೇವಲ್ಲವೆ? ಸರಿಯಾದ ಸ್ಥಳದಲ್ಲಿ ಬಿಡಿಸಿದರೆ ಅರ್ಥ, ತಪ್ಪಿದರೆ ಅನರ್ಥ. ಕೋಶವೂ ಈ ಸಮಾಸವನ್ನು ಬಿಡಿಸುತ್ತದೆ. ಅದಕ್ಕೆ ಕತ್ತರಿಯಂಥ ಕಿಣ್ವಗಳಿವೆ. ಆಲ್ಫಾ ಎಂಬ ಕತ್ತರಿ ಮೊದಲು ಬಿದ್ದರೆ ಕೇಡಿನ ಭಾಗದ ನಟ್ಟನಡುವೆ ತುಂಡಾಗುತ್ತದೆ, ಆಗ ಅಪಾಯವಿಲ್ಲ. ಬೀಟಾ ಕತ್ತರಿ ಒಂದು ಕಡೆಯೂ ಗಾಮಾ ಕತ್ತರಿ ಇನ್ನೊಂದು ಕಡೆಯೂ ಬಿದ್ದರೆ ನಡುವಿನ ಚೂರು ಹಾಗೆಯೇ ಹೊರಬರುತ್ತದೆ. ಗಾಮಾ ಕತ್ತರಿಯ ಪೆಟ್ಟು ಒಂದೇ ಸ್ಥಳಕ್ಕೆ ಬೀಳುವುದಿಲ್ಲ. ಹೆಚ್ಚಿನ ಸಲ 40 ಅಕ್ಷರಗಳ ಚೂರು ಬರುತ್ತದೆ, ಕೆಲವು ಸಲ 42ರದು. ಹೆಚ್ಚಿನ ಆ ಎರಡು ಅಕ್ಷರಗಳೇ ಕೇಡು. ನೀರಿಗೆ ಹಿಂಜರಿಯುವ ಸ್ವಭಾವದ ಅವು ಇರುವುದರಿಂದ 42ರ ಚೂರುಗಳು ನೀರಿನಲ್ಲಿ ಬಿಡಿಯಾಗಿ ತೇಲಲಾರದೆ ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ.

ಈ ಚೂರು ರೋಗಿಗಳಲ್ಲಿ ಮಾತ್ರ ಹುಟ್ಟುವುದೆಂದು ಮೊದಲು ಭಾವಿಸಿದ್ದರು. ಆರೋಗ್ಯವಾಗಿರುವ ಕೋಶಗಳೂ ದಿನವೂ ಅದನ್ನು ಹುಟ್ಟಿಸುತ್ತವೆಂದು 1992ರಲ್ಲಿ ಗೊತ್ತಾಯಿತು. ಇದನ್ನು ಬರೆಯುತ್ತಿರುವ ನನ್ನ ಮಿದುಳಿನಲ್ಲಿಯೂ ಓದುತ್ತಿರುವ ನಿಮ್ಮ ಮಿದುಳಿನಲ್ಲಿಯೂ ಅದು ಈಗ ಹುಟ್ಟುತ್ತಿದೆ, ಗುಡಿಸಿಯೂ ಹೋಗುತ್ತಿದೆ. ಹುಟ್ಟುವುದಕ್ಕೂ ಗುಡಿಸುವುದಕ್ಕೂ ಇರುವ ಲೆಕ್ಕ ತಪ್ಪಿದಾಗ ಕಸ ಉಳಿಯುತ್ತದೆ. ಅಮ್ಮನಂಥವರಿಗೆ ಮರೆವು ಹೊರಗೆ ಕಾಣುವುದಕ್ಕೆ 15–20 ವರ್ಷಗಳ ಮೊದಲೇ ಈ ಶೇಖರಣೆ ಆರಂಭವಾಗಿರುತ್ತದೆ.

ಮಚ್ಚೆಯೇ ಕೊಲೆಗಾರನೆಂದು ವಿದ್ವಾಂಸರು ಬಹುದಿನ ನಂಬಿದ್ದರು. ಆದರೆ ಮಚ್ಚೆಗಳಿದ್ದೂ ಕೊನೆಯವರೆಗೆ ಬುದ್ಧಿ ಚುರುಕಾಗಿದ್ದ ವೃದ್ಧರುಂಟು. ಈ ತೊಡಕನ್ನು ಬಿಡಿಸಿದ್ದು ಇನ್ನೊಂದು ಸುಳಿವು. ಒಂಟಿ ಚೂರಿಗೂ ದೊಡ್ಡ ಮಚ್ಚೆಗೂ ನಡುವೆ ಒಂದು ಅವಸ್ಥೆ ಇದೆ. ಎರಡು, ಮೂರು, ಹತ್ತು, ಹನ್ನೆರಡು ಚೂರುಗಳು ಸೇರಿದ ಸಣ್ಣ ಗುಂಪುಗಳು ಮಿದುಳಿನ ದ್ರವದಲ್ಲಿ ಕರಗಿದಂತೆಯೇ ಓಡಾಡುತ್ತವೆ. 2008ರಲ್ಲಿ ಬಾಸ್ಟನ್ನಿನ ಸೆಲ್ಕೋ ಅವರ ಬಳಗದವರು ತೀರಿಕೊಂಡ ರೋಗಿಗಳ ಮಿದುಳಿನಿಂದ ಇಂಥ ಗುಂಪುಗಳನ್ನು ತೆಗೆದು ಇಲಿ ಹೆಗ್ಗಣಗಳ ಮಿದುಳಿನ ಮೇಲೆ ಪರೀಕ್ಷಿಸಿದರು. ಕೇವಲ ಎರಡು ಚೂರುಗಳ ಜೋಡಿಗಳೂ ಕೋಶಗಳ ನಂಟನ್ನು ಸಡಿಲಿಸಿದುವು; ಕಲಿತ ಪಾಠವನ್ನು ಹೆಗ್ಗಣ ಮರೆಯಿತು. ಗಟ್ಟಿಯಾದ ಮಚ್ಚೆಯ ತಿರುಳನ್ನು ಹಾಗೆಯೇ ಹಾಕಿದಾಗ ಆ ನಂಟಿಗೆ ಏನೂ ಆಗಲಿಲ್ಲ. ಅದನ್ನು ಕರಗಿಸಿದಾಗ ಅದರಿಂದಲೂ ಅದೇ ವಿಷ ಹೊರಬಂದಿತು. ಮಚ್ಚೆ ಕೆಸರಿನ ಗುಂಡಿಯಾದರೆ ಕಾಯಿಲೆ ತರುವುದು ಅದರ ಸುತ್ತ ಹಾರುವ ಸೊಳ್ಳೆ.

ಆ ಸೊಳ್ಳೆ ಕಚ್ಚುವುದೆಲ್ಲಿ? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಅತಿ ಕಿರಿದಾದ ಸಂದು. ಅದಕ್ಕೆ ಸಿನಾಪ್ಸ್ ಎಂದು ಹೆಸರು. ಈಚೆಯ ಕೋಶ ಗ್ಲುಟಮೇಟ್ ಎಂಬ ರಸವನ್ನು ಆ ಸಂದಿಗೆ ಚೆಲ್ಲಿದರೆ ಆಚೆಯ ಕೋಶದ ಕವಲಿನ ಮೇಲಿರುವ ಮೊಗ್ಗಿನಂಥ ಉಬ್ಬು ಅದನ್ನು ಗ್ರಹಿಸುತ್ತದೆ. ಒಂದು ಅನುಭವ ಮನಸ್ಸಿನಲ್ಲಿ ನಿಂತಿತೆಂದರೆ ಇಂಥ ಹಲವು ಸಂದುಗಳ ನಂಟು ಬಲಗೊಂಡಿತೆಂದು ಅರ್ಥ. ಬೀಟಾ ಅಮೈಲಾಯ್ಡಿನ ಸಣ್ಣ ಗುಂಪುಗಳು ಈ ಸಂದಿನಲ್ಲಿಯೇ ಸೇರಿಕೊಳ್ಳುತ್ತವೆ. ರಸವನ್ನು ಗ್ರಹಿಸುವ ದ್ವಾರಗಳು ಮೇಲ್ಮೈಯಿಂದ ಒಳಗೆ ಸರಿದು ಹೋಗುತ್ತವೆ. ನಂಟನ್ನು ಬಲಪಡಿಸುವ ಕ್ರಿಯೆ ಕುಂದಿ, ಸಡಿಲಿಸುವ ಕ್ರಿಯೆ ಹೆಚ್ಚುತ್ತದೆ. ಮೊಗ್ಗುಗಳು ಮುದುಡಿ ಉದುರುತ್ತವೆ. ಕೋಶವಿನ್ನೂ ಸತ್ತಿರುವುದಿಲ್ಲ. ಅದು ಮೊದಲು ಮೂಕವಾಗುತ್ತದೆ, ಸಾಯುವುದು ಆಮೇಲೆ.

ಇದರಲ್ಲಿ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿದೆ. ಆ ಮೊಗ್ಗಿಗೆ ರೂಪ ಕೊಡುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಹಂದರ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಬಳಗ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ರೋಗ ಬರುವಂತೆ ಮಾನವನ ಜೀನುಗಳನ್ನು ಸೇರಿಸಿ ಬೆಳೆಸಿದ ಇಲಿಗಳನ್ನು ನೋಡಿದರು. ಇಲಿಗೆ ಒಂದು ತಿಂಗಳ ವಯಸ್ಸಾಗುವಷ್ಟರಲ್ಲಿ, ಮಚ್ಚೆಗಳು ಮೂಡುವ ಬಹಳ ಮೊದಲೇ, ಮೊಗ್ಗುಗಳೊಳಗಿನ ಈ ಹಂದರ ಕಳಚಿಕೊಳ್ಳತೊಡಗಿತ್ತು. ಎಳೆಗಳು ಕಳಚದಂತೆ ಹಿಡಿದು ನಿಲ್ಲಿಸುವ ಒಂದು ವಸ್ತುವನ್ನು ಕೊಟ್ಟಾಗ ಇಲಿಗಳ ನೆನಪು ಸುಧಾರಿಸಿತು. ಇಲಿಗೆ ಆದದ್ದು ಮನುಷ್ಯನಿಗೂ ಆಗುವುದೆಂದು ಈಗಲೇ ಹೇಳುವಂತಿಲ್ಲ. ಆದರೂ ಮೂಕವಾದ ನಂಟು ಮತ್ತೆ ನುಡಿಯುವ ಒಂದು ಅವಧಿ ಉಂಟೆಂಬುದನ್ನು ಓದಿದ ದಿನ, ನಾವು ಕಳೆದುಕೊಂಡ ನಾಲ್ಕು ವರ್ಷಗಳು ನನ್ನ ಕಣ್ಣಮುಂದೆ ಬಂದು ನಿಂತುವು.

ಚೂರು ಒಂಟಿಯಾಗಿ ಈ ಕೆಲಸ ಮಾಡುವುದಿಲ್ಲ. ಕೋಶದೊಳಗೆ ಸರಕು ಸಾಗಿಸುವ ಹಳಿಗಳಿಗೆ ಆತುಕೊಂಡಿರುವ ಟಾವ್ ಎಂಬ ಪ್ರೋಟೀನು ಇದರ ಪ್ರಭಾವದಿಂದ ಹಳಿಯನ್ನು ಬಿಟ್ಟು ಗಂಟುಗಂಟಾಗುತ್ತದೆ. ಆಲ್ಜೈಮರ್ ಕಂಡ ಸಿಕ್ಕುದಾರ ಇದೇ. ಇಲಿಗಳಲ್ಲಿ ಟಾವ್ ಕಡಮೆ ಮಾಡಿದರೆ ಅಮೈಲಾಯ್ಡ್ ಇದ್ದರೂ ನೆನಪು ಉಳಿಯುವುದೆಂದು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಡರು. ಮಿದುಳಿನ ಕಾವಲಿಗೂ ಕಸ ಗುಡಿಸುವುದಕ್ಕೂ ಇರುವ ಮೈಕ್ರೋಗ್ಲಿಯ ಎಂಬ ಕೋಶಗಳೂ ದಾರಿ ತಪ್ಪಿ ಒಳ್ಳೆಯ ಸಂದುಗಳನ್ನೇ ನುಂಗತೊಡಗುತ್ತವೆಂದು 2016ರಲ್ಲಿ ಇಲಿಗಳಲ್ಲಿ ತೋರಿಸಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಈ ಹಾನಿ ಬಹು ಬೇಗ ತಟ್ಟುವ ಸ್ಥಳಗಳಲ್ಲಿ ಹಿಪೊಕ್ಯಾಂಪಸ್ ಎಂಬ, ಕಿವಿಯ ಒಳಬದಿಗೆ ಆಳದಲ್ಲಿರುವ, ಒಂದು ಚಿಕ್ಕ ಭಾಗ ಮುಖ್ಯವಾದದ್ದು. ಹೊಸ ಸಂಗತಿಯನ್ನು ನೆನಪಿಗೆ ಬರೆದುಕೊಳ್ಳುವ ಗುಮಾಸ್ತ ಅದು. ಹಳೆಯ ನೆನಪುಗಳು ಮಿದುಳಿನ ಬೇರೆಬೇರೆ ಕಡೆಗಳಲ್ಲಿ ಹರಡಿಕೊಂಡು ಬಹುಕಾಲ ಉಳಿಯುತ್ತವೆ. ಅಮ್ಮ ತನ್ನ ಮದುವೆಯ ಹಸೆಹಾಡನ್ನು ಇಂದಿಗೂ ಒಂದು ಸೊಲ್ಲೂ ಬಿಡದೆ ಹಾಡುತ್ತಾಳೆ. ಕಾಲು ಗಂಟೆಯ ಹಿಂದಿನ ಊಟ ಮಾತ್ರ ಇಲ್ಲ. ನೆನಪಿಲ್ಲದ ಜಾಗವನ್ನು ಮನಸ್ಸು ಬರಿದಾಗಿ ಬಿಡುವುದೂ ಇಲ್ಲ. ಇಟ್ಟ ಸರ ಇಟ್ಟಲ್ಲಿ ಕಾಣದಿದ್ದರೆ, ಇಟ್ಟದ್ದೇ ನೆನಪಿಲ್ಲದವಳಿಗೆ ಯಾರೋ ತೆಗೆದರೆಂಬುದೇ ನ್ಯಾಯವಾದ ಊಹೆ. ಆ ಊಹೆ ಹೋಗಿ ಬೀಳುವುದು ಸದಾ ಹತ್ತಿರದಲ್ಲಿದ್ದು ಸೇವೆ ಮಾಡುವವರ ಮೇಲೆ. ಔಗುಸ್ಟೆಗೆ ಗಂಡ; ಅಮ್ಮನಿಗೆ ಸೊಸೆ.

ಈ ಚೂರಿಗೇ ಇಷ್ಟು ಮಹತ್ವ ಕೊಡಲು ಆಧಾರವೇನೆಂದು ಓದುಗರು ಕೇಳಬಹುದು. ಮೂಲ ಪ್ರೋಟೀನಿನ ಜೀನು ಇರುವುದು 21ನೆಯ ವರ್ಣತಂತುವಿನಲ್ಲಿ. ಡೌನ್ ಲಕ್ಷಣಕೂಟದಲ್ಲಿ ಹುಟ್ಟಿದವರಿಗೆ ಆ ತಂತು ಎರಡರ ಬದಲು ಮೂರು ಇರುತ್ತದೆ. ಅವರ ಮಿದುಳಿನಲ್ಲಿ ನಡುವಯಸ್ಸಿಗೇ ಮಚ್ಚೆಗಳು ತುಂಬಿಕೊಳ್ಳುತ್ತವೆ. ಇದಕ್ಕೆ ವಿರುದ್ಧವಾದ ಸಾಕ್ಷ್ಯ 2012ರಲ್ಲಿ ಐಸ್‌ಲೆಂಡಿನಿಂದ ಬಂದಿತು. ಅಲ್ಲಿನ ಕೆಲವೇ ಜನರಲ್ಲಿ ಈ ಪ್ರೋಟೀನಿನ ಒಂದೇ ಒಂದು ಅಕ್ಷರ, ಬೀಟಾ ಕತ್ತರಿ ಬೀಳುವ ಸ್ಥಳದ ಮಗ್ಗುಲಲ್ಲಿ, ಬೇರೆಯಾಗಿದೆ. ಅದರಿಂದ ಚೂರಿನ ಹುಟ್ಟುವಳಿ ನೂರಕ್ಕೆ 40ರಷ್ಟು ತಗ್ಗುತ್ತದೆ. ಅಂಥವರಿಗೆ ಮುಪ್ಪಿನಲ್ಲಿ ಈ ಕಾಯಿಲೆ ಬರುವುದು ಬಹಳ ಕಡಮೆ. ಒಂದಕ್ಷರದ ಪಾಠಭೇದದಿಂದ ಕಾವ್ಯದ ಅರ್ಥ ತಿರುಗುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಬದುಕೇ ತಿರುಗಿದೆ.

ವಿದ್ವತ್ತಿನ ಲೋಕದಲ್ಲಿ ಪ್ರಕ್ಷಿಪ್ತಗಳೂ ಉಂಟು. ಇಂಥ ಚೂರುಗಳ ಒಂದು ನಿರ್ದಿಷ್ಟ ಗುಂಪೇ ಮರೆವಿಗೆ ಕಾರಣವೆಂದು 2006ರಲ್ಲಿ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನು, ಅದರ ಚಿತ್ರಗಳು ತಿದ್ದಲ್ಪಟ್ಟಿವೆಯೆಂಬ ಕಾರಣದಿಂದ 2024ರಲ್ಲಿ ಹಿಂತೆಗೆದುಕೊಂಡರು. ಒಂದು ಪ್ರಕ್ಷಿಪ್ತ ಪದ್ಯ ಸಿಕ್ಕಿತೆಂದು ಇಡೀ ಕಾವ್ಯವನ್ನು ಬಿಸುಡುವುದಿಲ್ಲ. ಸ್ವತಂತ್ರವಾದ ಹಲವು ಪ್ರತಿಗಳು ಒಂದೇ ಪಾಠವನ್ನು ಹೇಳುತ್ತಿದ್ದರೆ ಅದನ್ನು ಒಪ್ಪುತ್ತೇವೆ. ಇಲ್ಲಿಯೂ ಹಾಗೆಯೇ.

ಔಷಧದ ಮಾತು ಬಂದಾಗ ಆಸೆಯನ್ನೂ ಅಳತೆಯನ್ನೂ ಕೂಡಿಯೇ ಹೇಳಬೇಕು. ಚೂರುಗಳನ್ನು ಹಿಡಿದು ಹೊರದೂಡುವ ಲೆಕಾನೆಮ್ಯಾಬ್ ಎಂಬ ಔಷಧವನ್ನು ಕಾಯಿಲೆಯ ಆರಂಭದಲ್ಲಿದ್ದವರ ಮೇಲೆ ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಇದ್ದವರು 1,795 ಮಂದಿ, ಅವಧಿ 18 ತಿಂಗಳು. ಕಾಯಿಲೆ ನಿಲ್ಲಲಿಲ್ಲ, ಇಳಿಮುಖದ ವೇಗ ನೂರಕ್ಕೆ 27ರಷ್ಟು ತಗ್ಗಿತು. ಔಷಧ ಪಡೆದ ನೂರರಲ್ಲಿ ಸುಮಾರು ಹದಿಮೂರು ಮಂದಿಗೆ ಮಿದುಳಿನಲ್ಲಿ ಬಾವು ಕಂಡಿತು. 2023ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕಾಯಿಲೆ ಮುಂದುವರಿದ ಅಮ್ಮನಂಥವರಿಗೆ ಅದು ಒದಗುವುದಿಲ್ಲ.

ಹಾಗಾದರೆ ತಿಳಿದು ಪ್ರಯೋಜನವೇನು? 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಬುದ್ಧಿಮಾಂದ್ಯದ ಕಾಯಿಲೆಯಿದೆ. ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು. ಉಳಿದ ತೊಂಬತ್ತೆರಡು ಮಂದಿಗೆ ಇಲ್ಲವೆಂಬುದನ್ನು ಗಮನಿಸಬೇಕು. ಗಾದೆಗೆ ಇದೇ ಉತ್ತರ. ಇಂಥ ಮರೆವುಗಳಲ್ಲಿ ಕೆಲವು ಬಿ-12 ಜೀವಸತ್ವದ ಕೊರತೆಯಿಂದಲೋ ಥೈರಾಯ್ಡ್ ಗ್ರಂಥಿಯ ದೋಷದಿಂದಲೋ ಬರುತ್ತವೆ, ಅವುಗಳಿಗೆ ಚಿಕಿತ್ಸೆಯುಂಟು. ವೈದ್ಯರ ಬಳಿಗೆ ಹೋಗದೆ ಗಾದೆ ಹೇಳಿ ಕುಳಿತರೆ ಆ ಭಾಗ್ಯವೂ ತಪ್ಪುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಮುಪ್ಪಿನಲ್ಲಿ ಮಿದುಳು ಹೇಗೆ ಮಾರ್ಪಡುತ್ತದೆಂಬುದನ್ನು ವರ್ಷವರ್ಷವೂ ನೋಡುತ್ತ ಹೋಗುವ ದೊಡ್ಡ ಅಧ್ಯಯನವನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿತು. ನಮ್ಮ ರಾಗಿ ಮುದ್ದೆ ಉಂಡು ಬೆಳೆದವರ ಮಿದುಳಿನ ಕಥೆಯನ್ನು ನಮ್ಮವರೇ ಕೇಳುತ್ತಿದ್ದಾರೆಂಬುದು ಸಮಾಧಾನದ ಸಂಗತಿ.

ಬೆಂಗಳೂರಿನಿಂದ ಹಿಂತಿರುಗಿದ ದಿನವೇ ನಾನು ಅತ್ತಿಗೆಯ ಕ್ಷಮೆ ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ಅತ್ತೆ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ನೀವು ನಂಬಿದ್ರಲ್ಲ, ಅದಕ್ಕೆ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಇಂದಿಗೂ ಇಲ್ಲ.

ಈಗ ಅಮ್ಮ ಊಟವಾಗಿಲ್ಲವೆಂದರೆ ಮನೆಯಲ್ಲಿ ಯಾರೂ ವಾದಿಸುವುದಿಲ್ಲ. ಅತ್ತಿಗೆ ಮಧ್ಯಾಹ್ನದ ಊಟವನ್ನು ತುಸು ಕಡಮೆ ಬಡಿಸುತ್ತಾರೆ; ಅಮ್ಮ ಮತ್ತೆ ಕೇಳಿದಾಗ ಚಿಕ್ಕ ತಟ್ಟೆಯಲ್ಲಿ ಒಂದು ಹಿಡಿ ಮೊಸರವಲಕ್ಕಿ ತಂದಿಡುತ್ತಾರೆ. ಕಳೆದ ತಿಂಗಳು ನಾನು ಹೋದಾಗ ಅಮ್ಮ ಆ ತಟ್ಟೆಯನ್ನು ತೆಗೆದುಕೊಂಡು, ಅತ್ತಿಗೆಯ ಮುಖವನ್ನು ಬಹಳ ಹೊತ್ತು ನೋಡಿ, "ನೀನು ಯಾರ ಮನೆ ಮಗಳಮ್ಮ? ಒಳ್ಳೇವಳು" ಎಂದಳು. ಅತ್ತಿಗೆ ತಮ್ಮ ತವರಿನ ಹೆಸರು ಹೇಳಿದರು. ಅಮ್ಮ ಆ ಊರಿನ ಕೆರೆ, ಏರಿಯ ಮೇಲಿನ ಮಾರಮ್ಮನ ಗುಡಿ, ಹೆಣ್ಣು ನೋಡಲು ಹೋದ ದಿನ ಬಂದ ಮಳೆ, ಎಲ್ಲವನ್ನೂ ಸವಿವರವಾಗಿ ವರ್ಣಿಸಿದಳು. ಅತ್ತಿಗೆ ಪಕ್ಕದಲ್ಲಿ ಕುಳಿತು ಹೊಸದಾಗಿ ಕೇಳುವವರಂತೆ ಕೇಳಿದರು.